ಕಡಲೆಬೇಳೆಯಷ್ಟು ಸಾಕ್ಷ್ಯ

ಮನೆಯ ಗಾಜಿನ ಕಪಾಟಿನಲ್ಲಿಟ್ಟ ವಿಮಾನದ ಪ್ರತಿಕೃತಿಯನ್ನು ಕಂಡಾಗ ನಾವು ಸಾಮಾನ್ಯವಾಗಿ ಅದನ್ನು ಆಟಿಕೆಯೆಂದು ಬಗೆದು ಮುಂದೆ ಸಾಗುತ್ತೇವೆ. ಹಾಗೆ ಬಗೆಯುವುದು ಪೂರ್ತಿ ತಪ್ಪಲ್ಲ. ಅದು ಮಾರಾಟವಾದದ್ದು ಆಟಿಕೆಯ ಅಂಗಡಿಯಲ್ಲಿಯೇ. ಆದರೆ ಅದನ್ನು ಕಟ್ಟಿದ ಹವ್ಯಾಸಿಯನ್ನು ಮಾತನಾಡಿಸಿ ನೋಡಿ. ರೆಕ್ಕೆಯ ವಿಷಯವಾಗಲಿ ಬಣ್ಣದ ವಿಷಯವಾಗಲಿ ಆತ ಹೆಚ್ಚು ಹೇಳುವುದಿಲ್ಲ. ಕಂಡೂ ಕಾಣದಂತಿರುವ ಒಂದು ಕೋವಿಯ ನಳಿಗೆಯನ್ನೋ ಆಸನದ ಪಟ್ಟಿಯನ್ನೋ ಬೆರಳಿಟ್ಟು ತೋರಿಸಿ, ಅದನ್ನು ತಾನು ಯಾವುದರಿಂದ ಮಾಡಿದೆ, ಅದು ಹೀಗೆಯೇ ಇತ್ತೆಂದು ತನಗೆ ಹೇಗೆ ತಿಳಿಯಿತು ಎಂಬುದನ್ನು ವಿವರಿಸತೊಡಗುತ್ತಾನೆ. ಎರಡನೆಯ ಮಹಾಯುದ್ಧದ ಬಾಂಬರು ವಿಮಾನಗಳ ಪ್ರತಿಕೃತಿಗಳಲ್ಲಿ ಸೇರಿಕೊಳ್ಳುವ ಇಂಥ ಸಣ್ಣ ಬಿಡಿಭಾಗಗಳ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಅಳತೆಯ ಮಾತು. 1932ರಲ್ಲಿ ಬ್ರಿಟನ್ನಿನಲ್ಲಿ ಜೇಮ್ಸ್ ಹೇ ಸ್ಟೀವನ್ಸ್ ಎಂಬಾತನ ವಿನ್ಯಾಸದಂತೆ ‘ಸ್ಕೈಬರ್ಡ್ಸ್’ ಎಂಬ ಹೆಸರಿನ ಮಾದರಿಗಳು ಮಾರಾಟಕ್ಕೆ ಬಂದವು. ಒಡಲು ಮರದ್ದು, ಚಿಕ್ಕ ಭಾಗಗಳು ಲೋಹದವು. ಆರಡಿ ಎತ್ತರದ ಮನುಷ್ಯ ಒಂದು ಅಂಗುಲವಾದರೆ ಲೆಕ್ಕ ಸುಲಭವೆಂದು, ಎಪ್ಪತ್ತೆರಡರಲ್ಲಿ ಒಂದು ಪಾಲು ಎಂಬ ಪ್ರಮಾಣವನ್ನು ಅಲ್ಲಿ ಹಿಡಿದರು. ಈ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. 102 ಅಡಿ ರೆಕ್ಕೆಯ ಲಾಂಕಾಸ್ಟರ್ ಬಾಂಬರು ಈ ಪ್ರಮಾಣದಲ್ಲಿ 17 ಅಂಗುಲವಾಗುತ್ತದೆ. ಅದರೊಳಗಿನ ಮೂರಂಗುಲದ ಗಡಿಯಾರದಂಥ ಮಾಪಕವು ಒಂದು ಮಿಲಿಮೀಟರಿಗೆ ಇಳಿಯುತ್ತದೆ. ಒಂದಂಗುಲ ದಪ್ಪದ ಕೊಳವೆ ಮಿಲಿಮೀಟರಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಿನದಾಗುತ್ತದೆ. ಮಾಡುವವನ ಕಷ್ಟ ಆರಂಭವಾಗುವುದು ಇಲ್ಲಿಂದ.

ಯುದ್ಧಕಾಲದಲ್ಲಿ ಈ ಕಷ್ಟ ಯಾರಿಗೂ ಬೇಕಿರಲಿಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲಾಮಕ್ಕಳಿಂದ ಐದು ಲಕ್ಷ ವಿಮಾನ ಮಾದರಿಗಳನ್ನು ಬೇಡಿತು. ಆಕಾಶದಲ್ಲಿ ಕಂಡ ಆಕೃತಿ ಮಿತ್ರರದೋ ಶತ್ರುಗಳದೋ ಎಂಬುದನ್ನು ಸೈನಿಕರು ಕ್ಷಣಮಾತ್ರದಲ್ಲಿ ಗುರುತಿಸಲು ಕಲಿಯಬೇಕಿತ್ತು. ಅದಕ್ಕೆ ಹೊರಗಿನ ಗೆರೆಯೊಂದು ಸರಿಯಾಗಿದ್ದರೆ ಸಾಕು. ಒಳಗಿನ ಆಸನ, ಕೋವಿ, ಪಟ್ಟಿಗಳ ಗೊಡವೆ ಇರಲಿಲ್ಲ. ವಿಮಾನವೆಂದರೆ ಆಗ ಕೊಲ್ಲುವ ಅಥವಾ ಕಾಯುವ ಒಂದು ನೆರಳು. ಆ ನೆರಳಿನೊಳಗೆ ಮನುಷ್ಯರು ಕುಳಿತಿದ್ದ ಜಾಗವನ್ನು ಹುಡುಕುವ ವ್ಯವಧಾನ ದೊರೆತದ್ದು ಯುದ್ಧ ಮುಗಿದ ಮೇಲೆ.

1950ರ ದಶಕದಲ್ಲಿ ಪ್ಲಾಸ್ಟಿಕ್ ಮಾದರಿಗಳು ಅಗ್ಗವಾದವು. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1958ರಲ್ಲಿ ಲಾಂಕಾಸ್ಟರನ್ನೇ ಪೆಟ್ಟಿಗೆಯಲ್ಲಿಟ್ಟು ಮಾರಿತು. ಆದರೆ ಉಕ್ಕಿನ ಅಚ್ಚಿಗೆ ತನ್ನದೇ ಆದ ಮಿತಿಗಳುಂಟು. ಕರಗಿದ ಪ್ಲಾಸ್ಟಿಕ್ಕು ಅದರ ಮೂಲೆಮೂಲೆಗೂ ಹರಿಯಬೇಕು, ತಣಿದ ಮೇಲೆ ಮುರಿಯದೆ ಹೊರಬರಬೇಕು. ಆದ್ದರಿಂದ ಕೋವಿಯ ನಳಿಗೆ ಒನಕೆಯಾಯಿತು. ಕಿಟಕಿಯ ಗಾಜು ಗೋಡೆಯಷ್ಟು ದಪ್ಪವಾಯಿತು. ಚಾಲಕನ ಕೋಣೆ ಬಹುಪಾಲು ಬರಿದಾಗಿಯೇ ಉಳಿಯಿತು.

ಹವ್ಯಾಸಿಯ ಕೈಚಳಕ ಬೆಳೆದದ್ದು ಈ ಕೊರತೆಯಿಂದಲೇ. ಭಾಗಗಳನ್ನು ಬಿಡಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಆತ ಎಸೆಯಲಿಲ್ಲ. ಮೇಣದಬತ್ತಿಯ ಜ್ವಾಲೆಯ ಮೇಲೆ ಹಿಡಿದು, ಅದು ಮೆತ್ತಗಾದೊಡನೆ ಎರಡೂ ಕಡೆಗೆ ಎಳೆದ. ಕೂದಲಿನಷ್ಟು ತೆಳುವಾದ ಎಳೆ ಬಂದಿತು. ಅದೇ ಆಂಟೆನಾದ ತಂತಿ. ಚುಚ್ಚುಮದ್ದಿನ ಸೂಜಿಯನ್ನು ತುಂಡರಿಸಿದ. ಅದು ತೂತುಳ್ಳ ಕೋವಿಯ ನಳಿಗೆಯಾಯಿತು. ವಿದ್ಯುತ್ ತಂತಿಯೊಳಗಿನ ತಾಮ್ರದ ಎಳೆ ಎಂಜಿನ್ನಿನ ಕೊಳವೆಯಾಯಿತು. ಗೋಪುರದ ಗುಮ್ಮಟಕ್ಕಾಗಿ ಮರದಲ್ಲಿ ಅಚ್ಚು ಕೆತ್ತಿ, ಕಾಯಿಸಿದ ಪಾರದರ್ಶಕ ಹಾಳೆಯ ಮೂಲಕ ಅದನ್ನು ಒತ್ತಿದ. ತೆಳುವಾದ ಗಾಜಿನ ಬುಡ್ಡೆ ಸಿದ್ಧವಾಯಿತು. ಮುಂದೆ ಇದೇ ಒಂದು ಕಸುಬಾಯಿತು. ತೆಳು ಹಿತ್ತಾಳೆಯ ಹಾಳೆಗೆ ಬೆಳಕಿನಿಂದ ಗಟ್ಟಿಯಾಗುವ ಲೇಪವನ್ನು ಬಳಿದು, ಅದರ ಮೇಲೆ ಚಿತ್ರವನ್ನು ಮೂಡಿಸಿ, ಉಳಿದ ಲೋಹವನ್ನು ರಾಸಾಯನಿಕ ದ್ರವದಲ್ಲಿ ಕರಗಿಸುವ ಕ್ರಮ ಬಳಕೆಗೆ ಬಂದು, ಆಸನದ ಪಟ್ಟಿ ಮತ್ತು ಅದರ ಕೊಂಡಿಗಳು ಸಹ ಅಂಗಡಿಯಲ್ಲಿ ದೊರೆಯತೊಡಗಿದವು. 1989ರಲ್ಲಿ ಅಂದಿನ ಜೆಕೊಸ್ಲೊವಾಕಿಯಾದ ಮೋಸ್ಟ್ ಪಟ್ಟಣದಲ್ಲಿ ಆರಂಭವಾದ ಎಡುವಾರ್ಡ್ ಸಂಸ್ಥೆ ಇಂಥ ಹಿತ್ತಾಳೆಯ ಭಾಗಗಳಿಗೆ ಹೆಸರಾಯಿತು. ಈಗ ಗಣಕಯಂತ್ರದಲ್ಲಿ ರೂಪಿಸಿದ ಆಕಾರವನ್ನು ಪದರಪದರವಾಗಿ ಮುದ್ರಿಸಿ ತೆಗೆಯುವ ಯಂತ್ರಗಳೂ ಮನೆಗಳಿಗೆ ಬಂದಿವೆ.

ಇಷ್ಟಾದರೂ ಬೇಕಾದದ್ದು ಸಿಗದಿದ್ದರೆ ಒಂದು ಹಳೆಯ ಉಪಾಯವಿದೆ: ಇನ್ನೊಂದು ಪೆಟ್ಟಿಗೆಯ ವಿಮಾನವನ್ನು ಬಲಿಗೊಟ್ಟು ಅದರ ಭಾಗವನ್ನು ಇದಕ್ಕೆ ಜೋಡಿಸುವುದು. ಇದು ಆಟದ ಉಪಾಯವೆಂದು ನಗಬೇಕಾಗಿಲ್ಲ. ನಿಜವಾದ ಬಾಂಬರುಗಳಿಗೂ ಇದೇ ಉಪಾಯವನ್ನು ಅನ್ವಯಿಸಿದ್ದು ನಮ್ಮ ಬೆಂಗಳೂರಿನ ಕಾರ್ಖಾನೆ. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಯೋಗದೊಡನೆ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ, ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದಿತು. ಯುದ್ಧ ಮುಗಿದಾಗ ಬ್ರಿಟಿಷರು ಅಮೆರಿಕದಿಂದ ಎರವಲು ಪಡೆದಿದ್ದ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರು ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. ಬೆಂಗಳೂರಿನ ಕುಶಲಿಗಳು ಆ ಗುಜರಿಯ ರಾಶಿಗೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಅವನ್ನು ಬೆಂಗಳೂರಿಗೆ ಹಾರಿಸಿ ತಂದು ಪೂರ್ಣವಾಗಿ ನವೀಕರಿಸಲಾಯಿತು. ಹೀಗೆ ನಲವತ್ತರಷ್ಟು ವಿಮಾನಗಳು ಮರುಹುಟ್ಟು ಪಡೆದವು. 1948ರ ನವೆಂಬರಿನಲ್ಲಿ ಇವುಗಳಿಂದಲೇ ನಮ್ಮ ವಾಯುಪಡೆಯ 5ನೆಯ ಸ್ಕ್ವಾಡ್ರನ್ ರೂಪುಗೊಂಡಿತು. 1968ರಲ್ಲಿ ಲಿಬರೇಟರುಗಳು ನಿವೃತ್ತವಾದಾಗ ಬೇರೆಡೆಗಳಲ್ಲಿ ಅವು ಬಹುಮಟ್ಟಿಗೆ ಗುಜರಿಯಾಗಿ ಹೋಗಿದ್ದವು. ಕೆನಡಾ, ಅಮೆರಿಕ, ಬ್ರಿಟನ್ನುಗಳ ವಸ್ತುಸಂಗ್ರಹಾಲಯಗಳಿಗೆ ಭಾರತದಿಂದ ವಿಮಾನಗಳು ಹೋದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿಗೆ ಒಂದು ಸೇರಿದ್ದು 1974ರಲ್ಲಿ. ಇಂದು ದೂರದೇಶದ ಹವ್ಯಾಸಿಯೊಬ್ಬ ಅಂಥ ವಿಮಾನದ ಬಳಿ ನಿಂತು ಅಳತೆ ತೆಗೆದುಕೊಳ್ಳುವಾಗ, ಆತನ ಕಣ್ಣೆದುರಿಗಿರುವುದು ಅಮೆರಿಕದ ಕಾರ್ಖಾನೆಯ ಕೆಲಸ ಮಾತ್ರವಲ್ಲ. ಬೆಂಗಳೂರಿನ ಕುಶಲಿಯ ಕೈಗುರುತೂ ಅಲ್ಲಿರಬಹುದು. ಯಾವುದು ಯಾರದೆಂದು ವಿಂಗಡಿಸುವುದು ಚರಿತ್ರಕಾರನ ಕೆಲಸ. ಅಂದರೆ ಹವ್ಯಾಸಿ ತಿಳಿಯದೆಯೇ ಚರಿತ್ರಕಾರನಾಗುತ್ತಾನೆ.

ಮೂಲ ಸಿಗದಿದ್ದಾಗ, ಅಥವಾ ಅದನ್ನು ಮುಚ್ಚಿಟ್ಟಾಗ, ಬಿಡಿಭಾಗವೂ ಸುಳ್ಳಾಡುತ್ತದೆ. 1943ರ ಮೇ 16ರ ರಾತ್ರಿ 617ನೆಯ ಸ್ಕ್ವಾಡ್ರನ್ನಿನ 19 ಲಾಂಕಾಸ್ಟರುಗಳು ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟವು. ನೀರಿನ ಮೇಲೆ ಪುಟಿಯುತ್ತ ಸಾಗುವ ಅವುಗಳ ಬಾಂಬು ಡೋಲಿನಂತೆ ಉರುಳೆಯಾಕಾರದ್ದು. ಬೀಳುವ ಮೊದಲೇ ಅದನ್ನು ಹಿಮ್ಮುಖವಾಗಿ ತಿರುಗಿಸುವ ಏರ್ಪಾಟು ವಿಮಾನದ ಹೊಟ್ಟೆಯಡಿಯಲ್ಲಿತ್ತು. 1955ರಲ್ಲಿ ಈ ದಾಳಿಯ ಚಲನಚಿತ್ರ ಬಂದಾಗ ಬಾಂಬಿನ ನಿಜರೂಪ ಇನ್ನೂ ಗುಟ್ಟಾಗಿದ್ದುದರಿಂದ ತೆರೆಯ ಮೇಲೆ ಬೇರೆಯೇ ಆಕಾರ ಕಾಣಿಸಿತು. ಅದನ್ನು ನೆಚ್ಚಿಕೊಂಡ ಹವ್ಯಾಸಿಯ ಬಾಂಬೂ ತಪ್ಪಾಗಲೇಬೇಕಿತ್ತು. ಆ ರಾತ್ರಿ ಎಂಟು ವಿಮಾನಗಳು ಹಿಂದಿರುಗಲಿಲ್ಲ, 53 ಮಂದಿ ವಿಮಾನಿಗರು ಸತ್ತರು. ಒಡೆದ ಅಣೆಕಟ್ಟಿನ ಕೆಳಗೆ ಸಾವಿರದ ಮುನ್ನೂರಕ್ಕೂ ಹೆಚ್ಚು ಜನ ಪ್ರವಾಹದಲ್ಲಿ ಮುಳುಗಿದರು. ಅವರಲ್ಲಿ ಎಷ್ಟೋ ಮಂದಿ ಪರದೇಶಗಳಿಂದ ಬಲಾತ್ಕಾರವಾಗಿ ತಂದ ಕೂಲಿಗಳು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಆ ಉರುಳೆಯನ್ನು ಅಂಟಿಸುವವನು ಇದನ್ನೂ ತಿಳಿದಿರುವುದು ಒಳ್ಳೆಯದು.

ಕೊನೆಯದಾಗಿ, ಕಾಣದ ಭಾಗವೊಂದರ ಮಾತು. ಲಾಂಕಾಸ್ಟರಿನ ಬಾಲದ ತುದಿಯ ಗೋಪುರದಲ್ಲಿ ನಾಲ್ಕು ಕೋವಿಗಳ ನಡುವೆ ಒಬ್ಬ ಕುಳಿತಿರುತ್ತಿದ್ದ. ಜಾಗ ಎಷ್ಟು ಇಕ್ಕಟ್ಟೆಂದರೆ ಆತನ ಧುಮುಕುಕೊಡೆಯ ಗಂಟನ್ನು ಗೋಪುರದೊಳಗೆ ಇಡಲಾಗುತ್ತಿರಲಿಲ್ಲ. ಬೆನ್ನ ಹಿಂದಿನ ಬಾಗಿಲಿನಾಚೆ, ವಿಮಾನದ ಒಡಲಿನಲ್ಲಿ ಇಡುತ್ತಿದ್ದರು. ಪ್ರತಿಕೃತಿಯಲ್ಲಿ ಆ ಗಂಟು ಕಡಲೆಬೇಳೆಯಷ್ಟು. ಒಡಲಿನ ಎರಡು ಹೋಳುಗಳನ್ನು ಅಂಟಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಕೆಲವರು ಅದನ್ನು ಮಾಡಿ ಒಳಗಿಡುತ್ತಾರೆ.

1944ರ ಮಾರ್ಚ್ 24ರ ರಾತ್ರಿ ಬರ್ಲಿನ್ನಿನ ದಾಳಿಯಿಂದ ಮರಳುತ್ತಿದ್ದ ಲಾಂಕಾಸ್ಟರೊಂದಕ್ಕೆ ಬೆಂಕಿ ಹತ್ತಿತು. ಅದರ ಬಾಲದ ಗೋಪುರದಲ್ಲಿದ್ದವನು ನಿಕೊಲಾಸ್ ಆಲ್ಕೆಮೇಡ್, 21 ವರ್ಷದ ತರುಣ. ಆತ ಬಾಗಿಲು ತೆರೆದು ನೋಡಿದಾಗ ಧುಮುಕುಕೊಡೆ ಉರಿಯುತ್ತಿತ್ತು. ಸುಟ್ಟು ಸಾಯುವುದಕ್ಕಿಂತ ಬಿದ್ದು ಸಾಯುವುದೇ ಮೇಲೆಂದು ಹದಿನೆಂಟು ಸಾವಿರ ಅಡಿಯ ಎತ್ತರದಿಂದ ಕೊಡೆಯಿಲ್ಲದೆ ಧುಮುಕಿದ. ಮರಗಳ ಕೊಂಬೆಗಳೂ ನೆಲದ ಹಿಮವೂ ಆತನನ್ನು ಉಳಿಸಿದವು. ಸೆರೆಹಿಡಿದ ಜರ್ಮನರು ಆತನ ಮಾತನ್ನು ನಂಬಲಿಲ್ಲ. ಆಮೇಲೆ ವಿಮಾನದ ಅವಶೇಷಗಳನ್ನು ಶೋಧಿಸಿದಾಗ, ಕೊಡೆ ಅಲ್ಲೇ ಸುಟ್ಟುಹೋದುದಕ್ಕೆ ಸಾಕ್ಷಿಯಾಗಿ ಅದರ ಲೋಹದ ಚೂರುಗಳು ದೊರೆತವು. ಆತನ ಸಂಗಡಿಗರಲ್ಲಿ ನಾಲ್ವರು ಆ ರಾತ್ರಿಯೇ ಸತ್ತಿದ್ದರು.

ಮಿತ್ರರೆ, ಬ್ರಿಟನ್ನಿನ ಬಾಂಬರು ದಳದಲ್ಲಿ ಸತ್ತ ವಿಮಾನಿಗರು 55,573 ಮಂದಿ. ಅವರ ಬಾಂಬುಗಳಿಂದ ನೆಲದ ಮೇಲೆ ಸತ್ತವರು ಅವರಿಗಿಂತಲೂ ಬಹುಪಾಲು ಹೆಚ್ಚು. ಹದಿನೇಳು ಅಂಗುಲದ ಪ್ಲಾಸ್ಟಿಕ್ಕಿನಲ್ಲಿ ಇದೆಲ್ಲ ಅಡಗಲಾರದು. ಅಡಗಿಸುವೆನೆಂದು ಹವ್ಯಾಸಿಯೂ ಹೇಳುವುದಿಲ್ಲ. ಆದರೆ ಮನುಷ್ಯನೊಬ್ಬನ ಮಾತನ್ನು ನಿಜವೆಂದು ತೋರಿಸಿಕೊಟ್ಟದ್ದು ಸುಟ್ಟುಳಿದ ಒಂದೆರಡು ಲೋಹದ ಚೂರುಗಳೇ ಅಲ್ಲವೆ? ಯಾರಿಗೂ ಕಾಣದ ಆ ಕಡಲೆಬೇಳೆಯಷ್ಟು ಗಂಟನ್ನು ಚಿಮುಟದಲ್ಲಿ ಹಿಡಿದು, ಅದು ಇದ್ದ ಜಾಗದಲ್ಲೇ ಇಟ್ಟು, ಆಮೇಲೆ ಒಡಲನ್ನು ಮುಚ್ಚುವವನ ಶ್ರಮವನ್ನು ಮಕ್ಕಳಾಟವೆಂದು ಕರೆಯಲು ನನಗೆ ಮನಸ್ಸು ಬಾರದು.