ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ಜೈನ ವಿದ್ಯಾರ್ಥಿ: ವಸತಿ, ಊಟ, ನಿಯಮ

ದ್ವಿತೀಯ ಪಿಯುಸಿ ಮುಗಿದು ಸೀಟು ಹಂಚಿಕೆ ಶುರುವಾದಾಗ, ಅಥವಾ ಪದವಿ ಮುಗಿಸಿದ ಮಕ್ಕಳು ಎಂ.ಎ., ಎಂ.ಎಸ್ಸಿ.ಗೆ ಹೊರಟಾಗ, ನಮ್ಮ ಮನೆಗಳಲ್ಲಿ ಶುಲ್ಕದ ಲೆಕ್ಕದ ಜೊತೆಗೇ ಇನ್ನೊಂದು ಚಿಂತೆ ಏಳುತ್ತದೆ. ಮನೆಯಲ್ಲಿ ಪಾಲಿಸಿಕೊಂಡು ಬಂದ ಆಹಾರ ನಿಯಮ ಹಾಸ್ಟೆಲ್‌ನಲ್ಲಿ ಉಳಿಯುತ್ತದೆಯೇ? ಮಕ್ಕಳು ಅಲ್ಲಿಗೆ ಹೋಗುವ ಮೊದಲೇ ಪಾಲಕರು ಮತ್ತು ಮಕ್ಕಳು ಕೂಡಿ ಕೆಲವು ವಿಷಯ ತೀರ್ಮಾನಿಸಿಕೊಂಡರೆ ಮೊದಲ ಸೆಮಿಸ್ಟರಿನ ಕಷ್ಟ ಬಹಳಷ್ಟು ಕಡಿಮೆಯಾಗುತ್ತದೆ. ಆ ತಯಾರಿಗೆ ಬೇಕಾದ ಮಾಹಿತಿ ಇಲ್ಲಿದೆ.

ವಸತಿಯ ನಾಲ್ಕು ದಾರಿಗಳು

ಮೊದಲನೆಯದು ವಿಶ್ವವಿದ್ಯಾಲಯದ ಸ್ವಂತ ಹಾಸ್ಟೆಲ್. ಮಂಗಳಗಂಗೋತ್ರಿ, ಶಂಕರಘಟ್ಟ, ಭೂತರಾಮನಹಟ್ಟಿಯಂಥ ಕ್ಯಾಂಪಸ್‌ಗಳು ನಗರದಿಂದ ಹೊರಗಿರುವುದರಿಂದ ಅಲ್ಲಿ ಓದುವವರಿಗೆ ಕ್ಯಾಂಪಸ್ ಹಾಸ್ಟೆಲ್ಲೇ ಅನುಕೂಲ. ಗ್ರಂಥಾಲಯ, ಪ್ರಯೋಗಾಲಯ ನಡೆಯುವಷ್ಟು ದೂರದಲ್ಲಿರುತ್ತವೆ.

ಎರಡನೆಯದು ಸರ್ಕಾರಿ ವಿದ್ಯಾರ್ಥಿ ನಿಲಯ. ಜೈನ ಸಮುದಾಯವನ್ನು ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದೆ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ನಡೆಸುವ ಮೆಟ್ರಿಕ್ ನಂತರದ ನಿಲಯಗಳಿಗೆ ನಮ್ಮ ಮಕ್ಕಳೂ ಅರ್ಜಿ ಹಾಕಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪ್ರವೇಶಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಈ ನಿಲಯಗಳ ಊಟದ ಪಟ್ಟಿಯಲ್ಲಿ ಮೊಟ್ಟೆ, ಮಾಂಸ ಇರಬಹುದು. ಸೇರುವ ಮೊದಲು ನೇರವಾಗಿ ಹೋಗಿ ನೋಡಿ ಬನ್ನಿ.

ಮೂರನೆಯದು ಸಮಾಜದ ಬೋರ್ಡಿಂಗ್. 1899ರಲ್ಲಿ ನಿಪ್ಪಾಣಿ ಬಳಿಯ ಸ್ತವನಿಧಿಯಲ್ಲಿ ಹುಟ್ಟಿದ ಇಂದಿನ ದಕ್ಷಿಣ ಭಾರತ ಜೈನ ಸಭೆ, ಹಳ್ಳಿಯ ಮಕ್ಕಳು ಪಟ್ಟಣದಲ್ಲಿ ಓದಲೆಂದು ಬೋರ್ಡಿಂಗ್‌ಗಳನ್ನು ತೆರೆಯಿತು. ಇಂಥ ಕಡೆ ಊಟದ ಚಿಂತೆ ಕಡಿಮೆ. ಆದರೆ ಕ್ಯಾಂಪಸ್‌ಗೆ ಇರುವ ದೂರ, ಬಸ್ಸಿನ ಸಮಯ, ಸಂಜೆ ಒಳಗೆ ಬರಬೇಕಾದ ವೇಳೆ ಇವನ್ನು ತರಗತಿಯ ವೇಳಾಪಟ್ಟಿಯೊಂದಿಗೆ ಹೊಂದಿಸಿ ನೋಡಬೇಕು.

ನಾಲ್ಕನೆಯದು ಪಿ.ಜಿ. ಅಥವಾ ಬಾಡಿಗೆ ಕೋಣೆ. ಅಡುಗೆಗೆ ಸ್ವಾತಂತ್ರ್ಯವಿದೆ, ಖರ್ಚು ಮತ್ತು ಸಮಯ ಎರಡೂ ಹೆಚ್ಚು ಬೇಕು.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಸಸ್ಯಾಹಾರ ಮತ್ತು ಮಾಂಸಾಹಾರಕ್ಕೆ ಅಡುಗೆಮನೆ, ಪಾತ್ರೆ, ಸೌಟು ಬೇರೆ ಬೇರೆ ಇವೆಯೇ? ಮೆಸ್ ಕಡ್ಡಾಯವೇ? ರಾತ್ರಿ ಊಟ ಎಷ್ಟು ಗಂಟೆಗೆ ಶುರುವಾಗುತ್ತದೆ? ಸಂಜೆಯೇ ಡಬ್ಬಿಯಲ್ಲಿ ಕೊಡುತ್ತಾರೆಯೇ? ಊರಿಗೆ ಹೋದ ದಿನಗಳ ಹಣ ಕಡಿತವಾಗುತ್ತದೆಯೇ? ನಮ್ಮ ಅನೇಕ ಹಾಸ್ಟೆಲ್‌ಗಳಲ್ಲಿ ಡಿವೈಡಿಂಗ್ ಪದ್ಧತಿ ಇದೆ. ತಿಂಗಳ ಒಟ್ಟು ಖರ್ಚನ್ನು ಊಟ ಮಾಡಿದವರ ನಡುವೆ ಹಂಚುತ್ತಾರೆ. ರಾತ್ರಿ ಊಟ ಬಿಡುವ ವಿದ್ಯಾರ್ಥಿಗೂ ಪೂರ್ತಿ ಬಿಲ್ ಬರಬಹುದು. ಇದನ್ನು ಮೊದಲ ತಿಂಗಳೇ ಮೆಸ್ ಕಾರ್ಯದರ್ಶಿ ಅಥವಾ ವಾರ್ಡನ್ ಬಳಿ ಮಾತಾಡಿಕೊಳ್ಳಬೇಕು.

ಕೋಣೆಯಲ್ಲಿ ಇಂಡಕ್ಷನ್ ಒಲೆ, ಹೀಟರ್ ಕಾಯಿಲ್ ಇಡುವುದನ್ನು ಹೆಚ್ಚಿನ ಹಾಸ್ಟೆಲ್‌ಗಳು ನಿಷೇಧಿಸಿವೆ. ಬೆಂಕಿಯ ಅಪಾಯವಿರುವುದರಿಂದ ಮಕ್ಕಳ ಕೈಗೆ ಕದ್ದುಮುಚ್ಚಿ ಒಲೆ ಕೊಟ್ಟು ಕಳಿಸಬೇಡಿ. ಅನುಮತಿ ಬೇಕಿದ್ದರೆ ಬರೆದು ಕೇಳಿ.

ಕಂದಮೂಲಕ್ಕಿಂತ ಹೊತ್ತಿನದೇ ಕಷ್ಟ

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬಿಡುವುದು ಕಷ್ಟವೆಂದು ಪಾಲಕರು ಭಾವಿಸುತ್ತಾರೆ. ಅದಕ್ಕೆ ಹೇಗೋ ದಾರಿ ಸಿಗುತ್ತದೆ. ಅನ್ನ, ಚಪಾತಿ, ಮೊಸರು ಎಲ್ಲ ಕಡೆ ಇರುತ್ತವೆ. ಒಗ್ಗರಣೆಗೆ ಮೊದಲು ಒಂದು ಬಟ್ಟಲು ಬೇಳೆ ತೆಗೆದಿಡಲು ಅಡುಗೆಯವರನ್ನು ವಿನಯದಿಂದ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಇದೇ ನಿಯಮದ ನಾಲ್ಕೈದು ಮಂದಿ ಸೇರಿ ಒಟ್ಟಿಗೆ ಕೇಳಿದರೆ ಇನ್ನೂ ಸುಲಭ. ಮನೆಯಿಂದ ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಣ ರೊಟ್ಟಿ, ಹುರಿಗಡಲೆ, ತುಪ್ಪ ಕಳಿಸಬಹುದು. ಕುಡಿಯುವ ನೀರನ್ನು ಸೋಸಿಕೊಳ್ಳಲು ಒಂದು ಶುಭ್ರವಾದ ದಪ್ಪ ಬಟ್ಟೆ ಸಾಕು.

ನಿಜವಾಗಿ ಕಾಡುವುದು ರಾತ್ರಿ ಭೋಜನ ತ್ಯಾಗ. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಸೂರ್ಯಾಸ್ತ ಸುಮಾರು 5:50ಕ್ಕೆ, ಜುಲೈ ಮೊದಲಲ್ಲಿ ಸುಮಾರು 6:50ಕ್ಕೆ. ಬೆಳಗಾವಿ, ಧಾರವಾಡದ ಕಡೆ ಕೆಲವು ನಿಮಿಷ ತಡ. ಹಾಸ್ಟೆಲ್ ಊಟ ಸಾಮಾನ್ಯವಾಗಿ 7:30ರ ನಂತರ. ಪ್ರಯೋಗಾಲಯದ ತರಗತಿ ಇದ್ದ ದಿನ ಕೋಣೆಗೆ ಬರುವಷ್ಟರಲ್ಲೇ 5 ದಾಟಿರುತ್ತದೆ. ಚಳಿಗಾಲದಲ್ಲಿ ಉಳಿಯುವುದು ಅರ್ಧ ಗಂಟೆ. ಮಧ್ಯಾಹ್ನವೇ ಎರಡು ಚಪಾತಿ, ಪಲ್ಯ ಡಬ್ಬಿಗೆ ತುಂಬಿಸಿಕೊಂಡು ಸಂಜೆ ತರಗತಿ ಮುಗಿದ ಕೂಡಲೇ ತಿನ್ನುವುದು ಅನೇಕರಿಗೆ ಹೊಂದುವ ಉಪಾಯ. ಅದಕ್ಕೆ ಹಾಲು, ಹಣ್ಣು ಸೇರಿದರೆ ರಾತ್ರಿ ಓದಿಗೂ ಶಕ್ತಿ ಇರುತ್ತದೆ. ಬರೀ ಬಿಸ್ಕತ್ತು, ಚಹಾದ ಮೇಲೆ ತಿಂಗಳುಗಟ್ಟಲೆ ಕಳೆದರೆ ಆರೋಗ್ಯ ಕೆಡುತ್ತದೆ.

ಎಷ್ಟು ನಿಯಮ, ಎಷ್ಟು ಕಾಲಕ್ಕೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಕಾಲಮಿತಿ ಇಟ್ಟುಕೊಂಡು ಮಾಡುವುದು ನಿಯಮ. ಜೀವನಪರ್ಯಂತ ಮಾಡುವುದು ಯಮ. ಹಾಸ್ಟೆಲ್ ವಿದ್ಯಾರ್ಥಿಗೆ ಈ ವಿಂಗಡಣೆ ಬಹಳ ಉಪಯುಕ್ತ. ಎಲ್ಲವನ್ನೂ ಪಾಲಿಸುತ್ತೇನೆಂದು ಹೊರಟು, ಮೊದಲ ತಿಂಗಳಲ್ಲಿ ಒಂದು ತಪ್ಪಿ, ಆಮೇಲೆ ಎಲ್ಲವನ್ನೂ ಕೈಬಿಡುವುದಕ್ಕಿಂತ, ಒಂದು ಸೆಮಿಸ್ಟರಿಗೆ ಇಷ್ಟು ಎಂದು ಗೊತ್ತುಮಾಡಿಕೊಂಡು ಅಷ್ಟನ್ನು ಗಟ್ಟಿಯಾಗಿ ಪಾಲಿಸುವುದು ಮೇಲು.

ಉದಾಹರಣೆಗೆ, ಮದ್ಯ, ಮಾಂಸ, ಮಧು, ಮೊಟ್ಟೆಯ ತ್ಯಾಗದಲ್ಲಿ ಯಾವ ಸಡಿಲಿಕೆಯೂ ಇಲ್ಲ, ಕಂದಮೂಲ ತಿನ್ನುವುದಿಲ್ಲ, ರಾತ್ರಿ ಭೋಜನ ತ್ಯಾಗ ಅಷ್ಟಮಿ, ಚತುರ್ದಶಿ ಮತ್ತು ಭಾನುವಾರಗಳಂದು. ಇನ್ನೊಬ್ಬರಿಗೆ ದಿನವೂ ಸಾಧ್ಯವಾಗಬಹುದು. ಔಷಧಿ, ಅನಾರೋಗ್ಯ, ಪ್ರಯಾಣಕ್ಕೆ ವಿನಾಯಿತಿಯನ್ನು ನಿಯಮ ತೆಗೆದುಕೊಳ್ಳುವಾಗಲೇ ಹೇಳಿಕೊಳ್ಳಬೇಕು. ರಕ್ತಹೀನತೆ, ಮಧುಮೇಹ ಇರುವವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲಿ. ದಶಲಕ್ಷಣ ಪರ್ವ, ಶ್ವೇತಾಂಬರರ ಪರ್ಯೂಷಣ ಬರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಆಗ ತರಗತಿಗಳೂ ಆಂತರಿಕ ಪರೀಕ್ಷೆಗಳೂ ನಡೆಯುತ್ತಿರುತ್ತವೆ. ಯಾವ ದಿನ ಉಪವಾಸ, ಯಾವ ದಿನ ಏಕಾಸನ ಎಂದು ಪರೀಕ್ಷೆಯ ಪಟ್ಟಿ ನೋಡಿ ನಿರ್ಧರಿಸಬಹುದು. ಹತ್ತಿರದ ಬಸದಿ ಎಲ್ಲಿದೆ, ಪರ್ವದಲ್ಲಿ ವಿದ್ಯಾರ್ಥಿಗಳಿಗೆ ಊಟದ ವ್ಯವಸ್ಥೆ ಇದೆಯೇ ಎಂದು ಮೊದಲೇ ವಿಚಾರಿಸಿಡಿ.

ಕೋಣೆಯ ಜೊತೆಗಾರರು

ಜೊತೆಗಾರ ಆಮ್ಲೆಟ್ ತಿನ್ನುವವನಿರಬಹುದು. ಕೋಣೆಯೊಳಗೆ ಬೇಡವೆಂದು ಮೊದಲ ವಾರ ಸ್ನೇಹದಿಂದ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮೂರು ತಿಂಗಳು ಮುಖ ಸಿಂಡರಿಸಿ ಆಮೇಲೆ ಜಗಳವಾಡಿದರೆ ಒಪ್ಪುವುದಿಲ್ಲ. ನಮ್ಮ ತಟ್ಟೆಯ ನಿಯಮ ಇನ್ನೊಬ್ಬರನ್ನು ದೂರವಿಡುವ ಮಡಿಯಾಗಬಾರದು. ಕರ್ಮವೀರ ಭಾವುರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗ್‌ನಲ್ಲಿದ್ದಾಗ ಅಸ್ಪೃಶ್ಯರೆನ್ನಲಾಗುತ್ತಿದ್ದ ಮಕ್ಕಳ ಹಾಸ್ಟೆಲ್ ಸಮಾರಂಭಕ್ಕೆ ಹೋಗಿ ಬಂದರು. ಸ್ನಾನ ಮಾಡಿಯೇ ಊಟಕ್ಕೆ ಬರಬೇಕೆಂದಾಗ ಒಪ್ಪದೆ ಬೋರ್ಡಿಂಗ್ ಬಿಡಬೇಕಾಯಿತು. ಅವರೇ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿ, 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಉಂಡು ಓದುವ ಹಾಸ್ಟೆಲ್ ನಡೆಸಿದರು.

ಹಾಗೆಯೇ ನಮ್ಮ ಮಕ್ಕಳನ್ನು ಹಂಗಿಸುವುದೂ ಸಲ್ಲ. ತಮಾಷೆಯ ಹೆಸರಿನಲ್ಲಿ ಮೊಟ್ಟೆ ತಿನ್ನಿಸುವುದು, ಕುಡಿಯಲು ಬಲವಂತ ಮಾಡುವುದು ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಾವಳಿ ಇದನ್ನು ತಡೆಯುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿದೆ. 2016ರ ತಿದ್ದುಪಡಿ ಧರ್ಮದ ಕಾರಣದ ಕಿರುಕುಳವನ್ನೂ ಅದರೊಳಗೆ ತಂದಿದೆ. ರಾಷ್ಟ್ರೀಯ ಸಹಾಯವಾಣಿ 1800-180-5522. ಈ ಸಂಖ್ಯೆ ಮಕ್ಕಳ ಫೋನಿನಲ್ಲಿರಲಿ.

ಪಾಲಕರಿಗೆ

ಪ್ರತಿದಿನ ಫೋನಿನಲ್ಲಿ ‘ಇವತ್ತು ಏನು ತಿಂದೆ, ಈರುಳ್ಳಿ ಇತ್ತೇ’ ಎಂದು ವಿಚಾರಣೆ ನಡೆಸಿದರೆ ಮಕ್ಕಳು ಸುಳ್ಳು ಹೇಳಲು ಕಲಿಯುತ್ತಾರೆ. ಸತ್ಯವೂ ಅಣುವ್ರತವೇ. ನಿಯಮ ತಪ್ಪಿತೆಂದು ಮಗಳು ಹೇಳಿದರೆ ಗದರಿಸದೆ, ಯಾಕೆ ಕಷ್ಟವಾಯಿತೆಂದು ಕೇಳಿ. ಊಟದ ಸಮಯದ ತೊಂದರೆಯಾದರೆ ಉಪಾಯ ಹುಡುಕಬಹುದು. ಒಂಟಿತನ, ಓದಿನ ಒತ್ತಡವಾದರೆ ಅದು ಊಟಕ್ಕಿಂತ ದೊಡ್ಡ ವಿಷಯ, ಹೋಗಿ ನೋಡಿ ಬನ್ನಿ.

ಮೊದಲ ರಜೆಗೆ ಮಕ್ಕಳು ಮನೆಗೆ ಬಂದಾಗ ಕೂತು ಮಾತಾಡಿ. ಯಾವ ನಿಯಮ ನಡೆಯಿತು, ಯಾವುದು ನಡೆಯಲಿಲ್ಲ, ಮುಂದಿನ ಸೆಮಿಸ್ಟರಿಗೆ ಯಾವುದನ್ನು ಹೆಚ್ಚಿಸಬಹುದು ಎಂಬುದನ್ನು ಅವರೇ ಹೇಳಲಿ. ಆ ತೀರ್ಮಾನ ಅವರದಾದರೆ ಪಾಲನೆಯೂ ಅವರದಾಗುತ್ತದೆ.