ವಿತರಿತ ನಿರ್ಬಂಧ ಸಮಸ್ಯೆ

ಒಂದು ಸಮಸ್ಯೆಯ ಮಾಹಿತಿ ಒಂದೇ ಕಂಪ್ಯೂಟರಿನಲ್ಲಿರದೆ ಹಲವು ಕಡೆ ಹಂಚಿಹೋಗಿರುವಾಗ, ಆಯಾ ಕಡೆಯ ತಂತ್ರಾಂಶ ಏಜೆಂಟ್‌ಗಳು ಪರಸ್ಪರ ಸಂದೇಶ ಕಳಿಸುತ್ತ ಎಲ್ಲ ನಿರ್ಬಂಧಗಳಿಗೂ ಒಪ್ಪುವ ಉತ್ತರವನ್ನು ಹುಡುಕುವ ಸಮಸ್ಯೆ. ಪ್ರತಿ ಏಜೆಂಟ್‌ನ ವಶದಲ್ಲಿ ಸಾಮಾನ್ಯವಾಗಿ ಒಂದು ಚರ, ಅದಕ್ಕೆ ಕೊಡಬಹುದಾದ ಮೌಲ್ಯಗಳು ಮತ್ತು ಇತರರೊಂದಿಗಿನ ನಿರ್ಬಂಧಗಳು ಇರುತ್ತವೆ. ಇದಕ್ಕೆ ಖಚಿತ ರೂಪ ಕೊಟ್ಟದ್ದು ಮಕೋಟೊ ಯೊಕೂ, ತೋರು ಇಶಿಡಾ, ಎಡ್ಮಂಡ್ ಡರ್ಫಿ ಮತ್ತು ಕಜುಹಿರೊ ಕುವಾಬಾರಾ ಅವರ 1992ರ ಪ್ರಬಂಧ.

ಕೊನೆಕೊಯ್ಲಿನ ಉದಾಹರಣೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಕೆಂಪಡಿಕೆ ಮಾಡುವವರು ಕಾಯಿ ಹಣ್ಣಾಗುವ ಮೊದಲೇ ಅಡಿಕೆಯ ಕೊನೆ (ಗೊನೆ) ಇಳಿಸಬೇಕು. ಇಳಿಸಿದ್ದನ್ನು ಹೆಚ್ಚು ದಿನ ಇಡುವಂತಿಲ್ಲ; ಮೆಟ್ಟುಗತ್ತಿಯಲ್ಲಿ ಸುಲಿದು, ಹಂಡೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವಬೇಕು. ಮರವೇರುವ ಕೊನೆಗೌಡರು ಊರಿಗೆಲ್ಲ ಒಬ್ಬರೋ ಇಬ್ಬರೋ. ಕಾಯಿ ಎಷ್ಟು ಬಲಿತಿದೆ, ಅಂಗಳ ಎಂದು ತೆರವಾಗುತ್ತದೆ, ಸುಲಿಯಲು ಯಾರು ಬರುತ್ತಾರೆ ಎಂಬುದು ಆಯಾ ಮನೆಯವರಿಗೇ ಗೊತ್ತು. ಇದನ್ನೆಲ್ಲ ಒಂದೆಡೆ ಬರೆದಿಟ್ಟು ಲೆಕ್ಕ ಹಾಕುವವರಿಲ್ಲದೆ, ಮನೆಮನೆಯ ಮಾತಿನಲ್ಲೇ ಕೊಯ್ಲಿನ ದಿನ ಗೊತ್ತಾಗುವುದುಂಟು. ವಿತರಿತ ನಿರ್ಬಂಧ ಸಮಸ್ಯೆಯ ಮುಖ್ಯ ಲಕ್ಷಣಗಳೆಲ್ಲ ಇಲ್ಲಿವೆ: ಮನೆಯೇ ಏಜೆಂಟ್, ಕೊಯ್ಲಿನ ದಿನವೇ ಚರ.

ಅಸಿಂಕ್ರೊನಸ್ ಬ್ಯಾಕ್‌ಟ್ರ್ಯಾಕಿಂಗ್

1992ರ ಪ್ರಬಂಧದ ಮೂಲ ಕ್ರಮವಿಧಿ ಅಸಿಂಕ್ರೊನಸ್ ಬ್ಯಾಕ್‌ಟ್ರ್ಯಾಕಿಂಗ್. ಏಜೆಂಟ್‌ಗಳಿಗೆ ಮೊದಲೇ ಒಂದು ಆದ್ಯತೆಯ ಸಾಲು ನಿಗದಿಯಾಗಿರುತ್ತದೆ. ಮೇಲಿನ ಏಜೆಂಟ್ ತಾನು ಆರಿಸಿದ ಮೌಲ್ಯವನ್ನು ‘ಓಕೆ?’ ಸಂದೇಶದಲ್ಲಿ ಕೆಳಗಿನವರಿಗೆ ತಿಳಿಸುತ್ತದೆ. ಹೊಂದುವ ಮೌಲ್ಯವೇ ಸಿಗದ ಏಜೆಂಟ್, ಮೇಲಿನವರ ಯಾವ ಆಯ್ಕೆಗಳು ಆಗವೆಂದು ತಿಳಿಸುವ ‘ನೋಗುಡ್’ ಸಂದೇಶವನ್ನು ಮೇಲಕ್ಕೆ ಕಳಿಸುತ್ತದೆ. ಯಾರೂ ಸರದಿಗಾಗಿ ಕಾಯುವುದಿಲ್ಲ.

ಒಬ್ಬರೇ ಕೊನೆಗೌಡರು, ದಿನಕ್ಕೊಂದೇ ತೋಟ, ಮೂರು ಮನೆ ಎಂದಿಟ್ಟುಕೊಳ್ಳೋಣ. ಮೇಲಿನಮನೆಗೆ ಸೋಮವಾರ ಇಲ್ಲವೆ ಮಂಗಳವಾರ ಆಗುತ್ತದೆ, ನಡುಮನೆಗೆ ಮಂಗಳವಾರ ಇಲ್ಲವೆ ಬುಧವಾರ, ಕೆಳಗಿನಮನೆಗೆ ಸೋಮವಾರ ಮಾತ್ರ. ಆದ್ಯತೆಯೂ ಇದೇ ಕ್ರಮದಲ್ಲಿದೆ. ಮೇಲಿನಮನೆ ಸೋಮವಾರ ಹಿಡಿಯುತ್ತದೆ, ನಡುಮನೆ ಮಂಗಳವಾರ. ಕೆಳಗಿನಮನೆಗೆ ದಿನವೇ ಉಳಿಯದೆ, ‘ಮೇಲಿನಮನೆಗೆ ಸೋಮವಾರ ಆಗದು’ ಎಂಬ ನೋಗುಡ್ ಹೋಗುತ್ತದೆ. ಮೇಲಿನಮನೆ ಮಂಗಳವಾರಕ್ಕೆ ಸರಿಯುತ್ತದೆ. ಅದನ್ನು ತಿಳಿದ ನಡುಮನೆ ಬುಧವಾರಕ್ಕೆ. ಮೂವರಿಗೂ ದಿನ ಸಿಕ್ಕಿತು. ಕೆಳಗಿನಮನೆ ತನಗೆ ಸೋಮವಾರವೇ ಏಕೆ ಬೇಕೆಂದು ಎಲ್ಲೂ ಹೇಳಬೇಕಾಗಲಿಲ್ಲ.

ಸಂದೇಶಗಳು ತಡವಾದರೂ ತಲುಪುತ್ತವೆ, ಇಬ್ಬರ ನಡುವೆ ಕಳಿಸಿದ ಕ್ರಮದಲ್ಲೇ ತಲುಪುತ್ತವೆ ಎಂಬುದಷ್ಟೇ ಸಂದೇಶ ಸಾಗಣೆಯ ವಿಷಯದಲ್ಲಿ ಈ ವಿಧಾನದ ಬೇಡಿಕೆ. ಉತ್ತರವಿದ್ದರೆ ಖಂಡಿತ ಸಿಗುತ್ತದೆ. ಇಲ್ಲದಿದ್ದರೆ ಯಾರ ಹೆಸರೂ ಇಲ್ಲದ ಖಾಲಿ ನೋಗುಡ್ ಹುಟ್ಟಿ ಅದು ಸಾಬೀತಾಗುತ್ತದೆ. ಆದರೆ ಉತ್ತರ ಸಿಕ್ಕಿತೆಂದು ಗೊತ್ತಾಗುವುದು ಹೇಗೆ? ಎಲ್ಲರೂ ಸುಮ್ಮನಾಗಿರಬೇಕು, ದಾರಿಯಲ್ಲಿ ಸಂದೇಶ ಉಳಿದಿರಬಾರದು. ಒಬ್ಬ ಏಜೆಂಟ್‌ಗೆ ಇದು ಕಾಣದು. ಇಡೀ ವ್ಯವಸ್ಥೆಯ ಸ್ಥಿತಿಯನ್ನು ಸೆರೆಹಿಡಿಯುವ ಚಾಂಡಿ–ಲ್ಯಾಂಪೋರ್ಟ್ ವಿಧಾನದಂಥ (1985) ಪ್ರತ್ಯೇಕ ಏರ್ಪಾಟು ಬೇಕು. ಪಠ್ಯಗಳು ಈ ಅಂಶವನ್ನು ಒಂದು ಸಾಲಿನಲ್ಲಿ ಮುಗಿಸುವುದುಂಟು. ಪ್ರೋಗ್ರಾಂ ಬರೆಯುವವರಿಗೆ ಇದೇ ದೊಡ್ಡ ಕೆಲಸ.

ನಂತರದ ವಿಧಾನಗಳು

ಆದ್ಯತೆ ಬದಲಾಗದಿದ್ದರೆ ಮೇಲಿನವರ ಒಂದು ಕೆಟ್ಟ ಆಯ್ಕೆ ಸರಿಹೋಗುವಷ್ಟರಲ್ಲಿ ಕೆಳಗಿನವರು ಅಪಾರ ಹುಡುಕಾಟ ನಡೆಸಬೇಕಾಗಬಹುದು. ಯೊಕೂ ಅವರ ‘ವೀಕ್ ಕಮಿಟ್‌ಮೆಂಟ್’ ವಿಧಾನದಲ್ಲಿ ಇಕ್ಕಟ್ಟಿಗೆ ಸಿಕ್ಕ ಏಜೆಂಟ್‌ನ ಆದ್ಯತೆಯೇ ಏರುತ್ತದೆ. ನಿರ್ಬಂಧಗಳ ಜೊತೆಗೆ ಖರ್ಚನ್ನೂ ಅಳೆಯುವ ಅಡಾಪ್ಟ್ ವಿಧಾನ 2003ರಲ್ಲಿ, ಡಿಪಾಪ್ ವಿಧಾನ 2005ರಲ್ಲಿ ಪ್ರಕಟವಾದವು. ಡಿಪಾಪ್‌ನಲ್ಲಿ ಸಂದೇಶಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದರ ಗಾತ್ರ ಮಿತಿಮೀರಿ ಬೆಳೆಯಬಹುದು.

ಮಿತಿಗಳು

ಗುಟ್ಟು ಉಳಿಯುತ್ತದೆ ಎಂಬುದನ್ನು ಈ ವಿಧಾನಗಳ ಹೆಚ್ಚುಗಾರಿಕೆಯಾಗಿ ಹೇಳುವುದುಂಟು. ಅದು ಭಾಗಶಃ ಮಾತ್ರ ನಿಜ: ಮೇಲಿನ ಉದಾಹರಣೆಯಲ್ಲಿ ಕಾರಣ ಗುಟ್ಟಾಗಿ ಉಳಿದರೂ ಕೆಳಗಿನಮನೆಗೆ ಬೇರೆ ದಿನ ಆಗದೆಂಬುದು ಆ ಒಂದು ನೋಗುಡ್‌ನಿಂದಲೇ ಬಯಲಾಯಿತು. ಏಜೆಂಟ್‌ಗಳು ಸುಳ್ಳು ಹೇಳುವುದಿಲ್ಲ ಎಂದೂ ಇಲ್ಲಿ ಮೊದಲೇ ಇಟ್ಟುಕೊಂಡಿರುತ್ತದೆ. ಆಗುವ ದಿನವನ್ನು ಆಗದೆಂದು ಹೇಳಿ ಲಾಭ ಪಡೆಯುವವರಿದ್ದರೆ ಸಮಸ್ಯೆ ಗೇಮ್ ಥಿಯರಿಯ ವ್ಯಾಪ್ತಿಗೆ ಸೇರುತ್ತದೆ.