ಕೋವಿಯೂ ನಂಬಿಕೆಯೂ

ನಾನು ಉಮರ್ಗಾ ತಾಲೂಕಿನ ದಾಳಿಂಬದವನು, ಬ್ಯಾಂಕಿನ ಗುಮಾಸ್ತ. ತಿಜೋರಿ ತೆರೆಯುವಾಗ ಕಾವಲುಗಾರನ ಜೋಡಿನಳಿಗೆ ಬಂದೂಕು ಪಕ್ಕದಲ್ಲೇ ಇರುತ್ತದೆ. ಆಯುಧ ಯಾರ ಕೈಯಲ್ಲಿರಬೇಕೆಂದು ನಿಶ್ಚಯಿಸುವವರು ಯಾರು ಎಂದು ಆಗಾಗ ಯೋಚಿಸುತ್ತೇನೆ.

1857ರ ದಂಗೆಗೆ ಬೆದರಿದ ಇಂಗ್ಲಿಷರು ನಿಶ್ಶಸ್ತ್ರೀಕರಣ ಕಾಯಿದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಮರ್ಯಾದೆ. ಅವರು ಕೊಡಲೊಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ಕತೆಯನ್ನು ಲಾವಣಿಕಾರರು ಉಳಿಸಿದರು.

ನಾಲ್ಕೇ ವರ್ಷಗಳ ನಂತರ, 1861ರಲ್ಲಿ, ಕಾಸರಗೋಡಿನ ನೆರೆಯ ಕೊಡಗಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಮೆಚ್ಚಿ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಇಂದಿಗೂ ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬದಲ್ಲಿ ಅವರು ಕೋವಿಯನ್ನು ಶುಚಿಗೊಳಿಸಿ, ತೋಕ್‌ಪೂ ಮುಡಿಸಿ, ದೀಪದ ಮುಂದಿಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು; 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು.

ಉಳಿದವರಿಗೆ 1959ರ ಆಯುಧ ಕಾಯಿದೆ. ರಿವಾಲ್ವರ್ ಬೇಕಾದರೆ ಮೊದಲು ಪರವಾನಗಿ. ಆಯ್ಕೆಯೂ ಮಿತಿಯೊಳಗೆ: .32 ಬೋರಿನದಕ್ಕೆ ಅನುಮತಿ ಸಿಗಬಹುದು, 9 ಮಿ.ಮೀ. ಪಿಸ್ತೂಲು ನಿಷಿದ್ಧ. 2019ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಪರವಾನಗಿದಾರನಿಗೆ ಎರಡೇ ಆಯುಧ. ಚುನಾವಣೆ ಬಂದರೆ ಅನೇಕರು ಅವನ್ನೂ ಠಾಣೆಗೆ ಒಪ್ಪಿಸಬೇಕಾಗುತ್ತದೆ.

ಕಂಡಕಂಡವರ ಸೊಂಟದಲ್ಲಿ ಪಿಸ್ತೂಲಿರಲಿ ಎಂದು ನಾನು ಹೇಳುತ್ತಿಲ್ಲ, ಕಟ್ಟುಪಾಡು ಬೇಕು. ಆದರೆ ಒಬ್ಬರಿಗೆ ಗಲ್ಲು, ಇನ್ನೊಬ್ಬರಿಗೆ ಸನ್ನದು ಕೊಟ್ಟದ್ದು ಒಂದೇ ಸರಕಾರ. ಯಾರು ನಂಬಿಗಸ್ತರೆಂದು ದೊರೆ ಬರೆದ ಪಟ್ಟಿ, ದೊರೆ ಹೋದ ಮೇಲೂ ಉಳಿಯುತ್ತದೆ. ಪರರಾಜ್ಯದ ದಾಖಲೆಗಳಲ್ಲಿ ಬದುಕುವ ನಾವು ಗಡಿಯವರು ಇದನ್ನು ಮರೆಯಬಾರದು.